ಜನರ ಆಮೆನ್ ಜನರ ಬಾಯಿಂದಲೇ ಬರಲಿ

ನಮ್ಮ ಭಾಗದ ಕಥೋಲಿಕ ದೇವಾಲಯಗಳಿಗೆ ಜನ ಬರುವುದು ಕಡಿಮೆಯಾಗಿದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಭಾನುವಾರ ಬೆಳಿಗ್ಗೆ ಕಲಬುರಗಿಯಲ್ಲಾಗಲಿ, ಬೀದರಿನಲ್ಲಾಗಲಿ, ಯಾದಗಿರಿಯಲ್ಲಾಗಲಿ ಬಾಗಿಲ ಬಳಿ ಬಿಟ್ಟ ಚಪ್ಪಲಿಗಳನ್ನು ನೋಡಿದರೆ ಸಾಕು. ನನ್ನ ಸಂಕಟ ಬೇರೆ. ಬಂದ ಜನ ಬಾಯಿ ಬಿಡುತ್ತಿಲ್ಲ. ಗುರುಗಳು ಎರಡೂ ಕೈ ಚಾಚಿ ಹರಸಿದಾಗ ಉತ್ತರ ಬರುವುದು ಗಾನವೃಂದದ ಮುಂದಿರುವ ಮೈಕಿನಿಂದ. ಕೀರ್ತನೆಯನ್ನು ಹಾಡಿದವರೇ ಅದರ ಪಲ್ಲವಿಯನ್ನೂ ಹಾಡಿ ಮುಗಿಸುತ್ತಾರೆ. ಸಭೆ ನಿಲ್ಲುತ್ತದೆ, ಕೂರುತ್ತದೆ, ಮಂಡಿಯೂರುತ್ತದೆ, ಸಾಲಿನಲ್ಲಿ ಹೋಗಿ ಪರಮಪ್ರಸಾದ (ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ) ಸ್ವೀಕರಿಸಿ ಬರುತ್ತದೆ. ಇಷ್ಟರ ನಡುವೆ ಒಂದು ಸಾಲನ್ನೂ ಗಟ್ಟಿಯಾಗಿ ಹೇಳದೆ ಮನೆಗೆ ಮರಳಿದವರು ಎಷ್ಟೋ ಜನ.

ಯಾವುದೋ ಒಂದು ಧರ್ಮಕೇಂದ್ರವನ್ನು, ಅಂದರೆ ಒಂದು ದೇವಾಲಯದ ವ್ಯಾಪ್ತಿಯ ಸಮುದಾಯವನ್ನು, ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿಲ್ಲ. ನೆಂಟರ ಮನೆಯ ಮದುವೆ, ಮೊದಲ ಪರಮಪ್ರಸಾದ, ಊರಹಬ್ಬ ಎಂದು ಈ ಮೂರೂ ಜಿಲ್ಲೆಗಳಲ್ಲಿ ಓಡಾಡುವಾಗ ಎಲ್ಲೆಡೆ ಕಂಡದ್ದು ಇದೇ. ನೋಡಿ ನೋಡಿ ಮನಸ್ಸು ಭಾರವಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಬಲಿಪೂಜೆ, ಅಂದರೆ ಭಾನುವಾರ ನಾವು ಸೇರುವ ಈ ಪೂಜೆ, ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದರು. ಗುರುಗಳು ಬಲಿಪೀಠದ ಕಡೆಗೆ ಮುಖ ಮಾಡಿ ಮೆಲುದನಿಯಲ್ಲಿ ಪ್ರಾರ್ಥಿಸುತ್ತಿದ್ದರು; ಪೂಜೆಗೆ ಸಹಾಯ ಮಾಡುವ ಹುಡುಗನೇ ಸಭೆಯ ಪರವಾಗಿ ಉತ್ತರ ಹೇಳುತ್ತಿದ್ದ; ಜನ ತಮ್ಮಷ್ಟಕ್ಕೆ ತಾವು ಮಾತೆ ಮರಿಯಳ ಪ್ರಾರ್ಥನೆಯ ಮಣಿಮಾಲೆಯಾದ ಜಪಸರ ಎಣಿಸುತ್ತಿದ್ದರು. ಲೋಕದ ಧರ್ಮಾಧ್ಯಕ್ಷರು (ಬಿಷಪರು) ರೋಮಿನಲ್ಲಿ ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ದೈವಾರಾಧನೆಯ ಬಗ್ಗೆ ಹೊರಡಿಸಿದ ಸಂವಿಧಾನ ಎಂಬ ಅಧಿಕೃತ ದಾಖಲೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ನಮಗೆ ಕನ್ನಡದಲ್ಲಿ ಬಲಿಪೂಜೆ ದೊರೆತದ್ದು ಆ ಬಾಗಿಲಿನಿಂದ. ಆದರೆ ಅದೇ ಸಂವಿಧಾನದ 14ನೆಯ ಪರಿಚ್ಛೇದ ಭಾಷೆಗಿಂತ ದೊಡ್ಡ ಮಾತನ್ನು ಹೇಳಿದೆ: ಆರಾಧನೆಯಲ್ಲಿ ಪೂರ್ಣವಾಗಿ, ಅರಿವಿನಿಂದ, ಸಕ್ರಿಯವಾಗಿ ಪಾಲ್ಗೊಳ್ಳುವುದು ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬನ ಹಕ್ಕು, ಕರ್ತವ್ಯ ಕೂಡ. ಯಾರೂ ದಯಪಾಲಿಸಿದ ಸವಲತ್ತಲ್ಲ ಅದು. ಸೇಡಂ ಕಡೆಯಿಂದ ಬಸ್ಸಿನಲ್ಲಿ ಬಂದು ಕಡೆಯ ಬೆಂಚಿನಲ್ಲಿ ಕೂರುವ ಕೂಲಿ ಹೆಂಗಸಿಗೂ ಧರ್ಮಾಧ್ಯಕ್ಷರಿಗೆ ಇರುವಷ್ಟೇ ಬಲವಾಗಿ ಇರುವ ಹಕ್ಕು.

1963ರಲ್ಲಿ ಬಂದ ಈ ಹಕ್ಕನ್ನು ಈಗ ಕೀಬೋರ್ಡಿಗೂ ಮೈಕಿಗೂ ಬಿಟ್ಟುಕೊಡುತ್ತಿದ್ದೇವೆ. ಹುಡುಗನೊಬ್ಬ ಉತ್ತರ ಹೇಳುತ್ತಿದ್ದ ಜಾಗದಲ್ಲಿ ಇಂದು ಎಂಟು ಹತ್ತು ಜನರ ಗಾನವೃಂದವಿದೆ, ಅಷ್ಟೇ ವ್ಯತ್ಯಾಸ.

ಮೊದಲ ಕ್ರೈಸ್ತರು ಹೀಗಿರಲಿಲ್ಲ. ಎರಡನೆಯ ಶತಮಾನದ ಸಂತ ಜಸ್ಟಿನ್ ಅಂದಿನ ಭಾನುವಾರದ ಪೂಜೆ ಹೇಗೆ ನಡೆಯುತ್ತಿತ್ತೆಂದು ರೋಮ್ ಚಕ್ರವರ್ತಿಗೆ ವಿವರಿಸಿ ಬರೆದಿದ್ದಾನೆ. ಮುಂದಾಳು ರೊಟ್ಟಿ ಮತ್ತು ದ್ರಾಕ್ಷಾರಸದ ಮೇಲೆ ಕೃತಜ್ಞತೆಯ ಪ್ರಾರ್ಥನೆ ಮುಗಿಸಿದಾಗ ನೆರೆದ ಜನರೆಲ್ಲರೂ 'ಆಮೆನ್' ಎಂದು ಸಮ್ಮತಿ ಸೂಚಿಸುತ್ತಾರೆ ಎನ್ನುವುದನ್ನು ಅಷ್ಟು ಚಿಕ್ಕ ವಿವರಣೆಯಲ್ಲೂ ಅವನು ಬಿಟ್ಟಿಲ್ಲ. ರೋಮಿನ ದೇವಾಲಯಗಳಲ್ಲಿ ಜನರ ಆಮೆನ್ ಆಕಾಶದ ಗುಡುಗಿನಂತೆ ಮೊಳಗುತ್ತಿತ್ತೆಂದು ಸಂತ ಜೆರೋಮ್ ಬರೆದಿದ್ದಾನೆ. ಅವರಿಗಿಂತಲೂ ಮೊದಲೇ ಸಂತ ಪೌಲ ಕೊರಿಂಥದವರನ್ನು ಗದರಿಸಿದ್ದ: ನೀನು ಆಡುವುದು ತಿಳಿಯದಿದ್ದರೆ ಸಾಮಾನ್ಯನಾದವನು ನಿನ್ನ ಸ್ತೋತ್ರಕ್ಕೆ ಆಮೆನ್ ಎನ್ನುವುದಾದರೂ ಹೇಗೆ? ಆ ಸಾಮಾನ್ಯನ ಬಾಯಿಯ ಬಗ್ಗೆ ಪೌಲನಿಗೆ ಎಷ್ಟು ಕಾಳಜಿ! ನನ್ನನ್ನು ಹಿಡಿದು ಅಲ್ಲಾಡಿಸುವುದು ಆ ಕಾಳಜಿ. ಪ್ರಾರ್ಥಿಸುವವನ ಭಕ್ತಿ ಎಷ್ಟೇ ಉತ್ಕಟವಾಗಿದ್ದರೂ ಪಕ್ಕದವನ ಆಮೆನ್ ಕಳೆದುಹೋದರೆ ಅದು ಸಭೆಯ ಪ್ರಾರ್ಥನೆಯಾಗಿ ಉಳಿಯುವುದಿಲ್ಲ.

ನಮ್ಮ ಜನಕ್ಕೆ ಹಾಡಲು ಬರುವುದಿಲ್ಲ, ಸಂಕೋಚ ಜಾಸ್ತಿ, ಅದಕ್ಕೇ ಗಾನವೃಂದವೇ ಎಲ್ಲವನ್ನೂ ನಿಭಾಯಿಸಬೇಕಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಯಾವ ನೆಲದ ಜನರ ಬಗ್ಗೆ ಹೇಳುತ್ತಿದ್ದೇವೆ? ಇದು ತತ್ವಪದಕಾರರ ನೆಲ. ಜೇವರ್ಗಿ, ಅಫಜಲಪುರ, ಸುರಪುರದ ಹಳ್ಳಿಗಳಲ್ಲಿ ಅಮಾವಾಸ್ಯೆಗೋ ಶ್ರಾವಣದಲ್ಲೋ ಭಜನೆ ಕೂತರೆ ರಾತ್ರಿ ಸರಿದದ್ದು ಗೊತ್ತಾಗುವುದಿಲ್ಲ. ಒಬ್ಬರು ಏಕತಾರಿ ಹಿಡಿದು ನುಡಿಯೆತ್ತುತ್ತಾರೆ, ಉಳಿದವರು ತಾಳ ಹಾಕುತ್ತ ಪಲ್ಲವಿ ಹಿಡಿಯುತ್ತಾರೆ. ಮೊಹರಂನ ಅಲಾಯಿ ಕುಣಿಯ ಸುತ್ತ ರಿವಾಯತ್ ಪದ ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ, ಮುಸ್ಲಿಮರೂ ಇರುತ್ತಾರೆ, ಎಲ್ಲರಿಗೂ ಪದ ಬಾಯಿಪಾಠ. ಒಬ್ಬರು ಹೇಳುವುದು, ನೆರೆದವರು ಎತ್ತಿಕೊಳ್ಳುವುದು ಈ ಸೀಮೆಯ ಪ್ರಾರ್ಥನೆಯ ರೀತಿ. ಬಲಿಪೂಜೆಯ ರೀತಿಯೂ ಅದೇ ತಾನೇ? ಹೊಲದಲ್ಲಿ ಹಾಡುವ, ಬೀಸುವಾಗ ಹಾಡಿದ ತಾಯಂದಿರ ಮಕ್ಕಳು ದೇವಾಲಯದೊಳಗೆ ಕಾಲಿಟ್ಟ ಕೂಡಲೇ ಮೂಕರಾಗುತ್ತಾರೆಂದರೆ ದೋಷ ಅವರ ಗಂಟಲಿನಲ್ಲಿ ಇರಲಾರದು.

ದೋಷ ನಾವು ಆರಿಸುವ ಹಾಡುಗಳಲ್ಲಿದೆ. ಬೆಂಗಳೂರಿನ ಸ್ಟುಡಿಯೋದಲ್ಲಿ ಒಬ್ಬ ನುರಿತ ಗಾಯಕಿಗಾಗಿ ಕಟ್ಟಿದ ಗೀತೆಯನ್ನು ಯೂಟ್ಯೂಬಿನಲ್ಲಿ ಕೇಳಿ ಶನಿವಾರ ಅಭ್ಯಾಸ ಮಾಡಿ ಭಾನುವಾರ ಹಾಡುತ್ತೇವೆ. ಅದರ ಮೇಲಿನ ಸ್ವರ ಐವತ್ತರ ಗಂಡಸಿಗೂ ಎಪ್ಪತ್ತರ ಅಜ್ಜಿಗೂ ನಿಲುಕುವುದಿಲ್ಲ. ಮುಂದಿನ ವಾರ ಹಾಡು ಬದಲಾಗುತ್ತದೆ. ಜನ ಕಲಿಯುವುದಾದರೂ ಯಾವಾಗ? ಪರದೆಯ ಮೇಲೆ ಸಾಹಿತ್ಯ ತೋರಿಸುತ್ತೇವಲ್ಲ ಎನ್ನುತ್ತಾರೆ. ಅಕ್ಷರ ಬಾರದವರು ಆ ಪರದೆಯಲ್ಲಿ ಏನನ್ನು ಓದಬೇಕು? ಆರಾಧನಾ ಸಂಗೀತದ ಬಗ್ಗೆ 1967ರಲ್ಲಿ ರೋಮ್ ಹೊರಡಿಸಿದ ಸೂಚನಾಪತ್ರ ಇದನ್ನು ಆಗಲೇ ಮುಂಗಂಡಿತ್ತು. ಜನರನ್ನು ಪೂರ್ತಿ ಹೊರಗಿಟ್ಟು ಎಲ್ಲ ಹಾಡುಗಾರಿಕೆಯನ್ನೂ ಗಾನವೃಂದಕ್ಕೇ ವಹಿಸುವ ಪದ್ಧತಿ ಒಪ್ಪತಕ್ಕದ್ದಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಗಾನವೃಂದ ಬೇಡವೆಂದು ಅದು ಹೇಳಿಲ್ಲ, ನಾನೂ ಹೇಳುವುದಿಲ್ಲ. ಪರೀಕ್ಷೆ, ಕೆಲಸಗಳ ನಡುವೆ ಬಿಡುವು ಮಾಡಿಕೊಂಡು ಬರುವ ಆ ಯುವಕ ಯುವತಿಯರ ಮೇಲೆ ನನಗೆ ಪ್ರೀತಿಯಿದೆ. ಕ್ರಿಸ್ಮಸ್ ರಾತ್ರಿ ಅವರು ನಾಲ್ಕು ದನಿಗಳಲ್ಲಿ ಒಂದು ಗೀತೆ ಹಾಡಲಿ, ಕಣ್ಣು ಮುಚ್ಚಿ ಕೇಳುತ್ತೇನೆ. ಮನವಿಟ್ಟು ಕೇಳುವುದೂ ಪಾಲ್ಗೊಳ್ಳುವಿಕೆಯೇ. ಆದರೆ 'ಪ್ರಭುವೇ ದಯೆತೋರಿ' ಎಂಬುದು ಜನರದು. 'ಪವಿತ್ರ' ಗೀತೆ ಜನರದು. ಪರಲೋಕ ಪ್ರಾರ್ಥನೆ ಜನರದು. ಅವುಗಳ ರಾಗ ವರ್ಷಗಟ್ಟಲೆ ಬದಲಾಗದಿರಲಿ.

ಇಷ್ಟೆಲ್ಲದರ ನಡುವೆ ನನಗೆ ಸಮಾಧಾನ ಕೊಡುವುದು ಮನೆಮನೆಯ ಜಪಸರ. ಅಕ್ಟೋಬರ್ ತಿಂಗಳನ್ನು ಜಪಸರಕ್ಕೆ ಮೀಸಲಿಡಬೇಕೆಂದು ಪೋಪ್ ಹದಿಮೂರನೆಯ ಲಿಯೋ 1883ರಲ್ಲಿ ಕರೆ ಕೊಟ್ಟರು. ಅಂದಿನಿಂದ ಆ ತಿಂಗಳು ನಮ್ಮ ಮನೆಗಳಲ್ಲಿ ಸಂಜೆಯ ಗಡಿಬಿಡಿಯೇ ಬೇರೆ. ಜಪಸರ ಹುಟ್ಟಿದ ಹಿನ್ನೆಲೆಯೇ ನಮ್ಮಂಥವರ ಪರವಾಗಿದೆ. ಮಠದ ಸನ್ಯಾಸಿಗಳು ಬೈಬಲಿನ 150 ಕೀರ್ತನೆಗಳನ್ನು ಪಠಿಸುತ್ತಿದ್ದರು. ಓದು ಬಾರದ ಜನ ಅವುಗಳ ಬದಲಿಗೆ 150 'ನಮೋ ಮರಿಯಾ' ಹೇಳಿದರು. ಅದಕ್ಕೇ ಅದನ್ನು ಬಡವರ ಕೀರ್ತನಾ ಸಂಪುಟ ಎಂದು ಕರೆದರು. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಬೆಳಕಿನ ರಹಸ್ಯಗಳನ್ನು (ಧ್ಯಾನಿಸಲು ಯೇಸುವಿನ ಜೀವನದ ಐದು ಘಟನೆಗಳು, ಒಂದೊಂದಕ್ಕೂ ಹತ್ತು 'ನಮೋ ಮರಿಯಾ') ಸೇರಿಸಿದ ಮೇಲೆ ಲೆಕ್ಕ 200 ಆಯಿತು. ಆದರೆ ಅಕ್ಷರವಿಲ್ಲದವರ ಕೈಗೆ ಇಡೀ ಸಭೆಯ ಪ್ರಾರ್ಥನೆಯನ್ನು ಕೊಟ್ಟ ಆ ಮೂಲ ಔದಾರ್ಯ ಹಾಗೆಯೇ ಉಳಿದಿದೆ.

ನಮ್ಮ ವಾರ್ಡಿನಲ್ಲಿ ಜಪಸರ ನಡೆಸುವ ಒಬ್ಬ ಹಿರಿಯ ಅವ್ವನಿದ್ದಾಳೆ. ಶಾಲೆಯ ಮುಖ ಕಂಡವಳಲ್ಲ. ದೇವಾಲಯದಲ್ಲಿ ಅವಳ ದನಿ ಕೇಳಿದ ನೆನಪು ನನಗಿಲ್ಲ. ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು ಮೊದಲ ಅರ್ಧವನ್ನು ಅವಳು ಹೇಳಿದರೆ ಉಳಿದರ್ಧವನ್ನು ನಾವೆಲ್ಲ ಎತ್ತಿಕೊಳ್ಳುತ್ತೇವೆ. ಪದವಿ ಓದಿದವರು, ಬ್ಯಾಂಕಿನಲ್ಲಿರುವವರು, ಎಲ್ಲರೂ. ಕೊಂಕಣಿ, ತೆಲುಗು, ತಮಿಳು, ಮಲಯಾಳಂ ಮನೆಮಾತಿನವರೂ ನಮ್ಮಲ್ಲಿದ್ದಾರೆ. ಅವಳ ಕನ್ನಡದ ಹಿಂದೆ ಅವರ ಕನ್ನಡ ಸ್ವಲ್ಪ ತಡವರಿಸುತ್ತ ಬರುತ್ತದೆ. ಐದನೆಯ ರಹಸ್ಯದ ಹೊತ್ತಿಗೆ ಎಲ್ಲರ ಉಸಿರೂ ಒಂದೇ ಹದಕ್ಕೆ ಬಂದಿರುತ್ತದೆ. ಪಾಪಿಗಳಾದ ನಮಗಾಗಿ ಈಗಲೂ, ಮರಣದ ಹೊತ್ತಿನಲ್ಲೂ ಪ್ರಾರ್ಥಿಸೆಂದು ಅಷ್ಟು ಜನ ಕೂಡಿ ತಾಯಿಯನ್ನು ಬೇಡುವಾಗ, ಕಳೆದ ವರ್ಷ ಇದೇ ಚಾಪೆಯ ಮೇಲೆ ಕೂತಿದ್ದು ಈಗ ಇಲ್ಲವಾದವರ ನೆನಪು ಬಾರದವರು ಯಾರಿದ್ದಾರೆ?

ಇಲ್ಲಿಗೂ ಒಂದು ಪಿಡುಗು ಕಾಲಿಟ್ಟಿದೆ, ಅದನ್ನು ಹೇಳಲೇಬೇಕು. ಒಂದು ಮನೆಯಲ್ಲಿ ಚಹಾ ಬಿಸ್ಕತ್ತು ಕೊಟ್ಟರೆ ಮುಂದಿನ ಮನೆಯಲ್ಲಿ ಉಪ್ಪಿಟ್ಟು, ಅದರಾಚೆಯ ಮನೆಯಲ್ಲಿ ಮಿರ್ಚಿಭಜಿ, ಸಿಹಿ, ತಂಪು ಪಾನೀಯ. ಬಾಡಿಗೆಯ ಒಂದೇ ಕೋಣೆಯಲ್ಲಿರುವವರು 'ನಮ್ಮ ಮನೆ ಚಿಕ್ಕದು, ಈ ಸಲ ಬೇಡ' ಎನ್ನುತ್ತಾರೆ. ಮನೆ ಚಿಕ್ಕದೆನ್ನುವುದು ನೆಪ, ತಟ್ಟೆ ತುಂಬಿಸುವ ಚಿಂತೆ ನಿಜ. ಬಡವರ ಪ್ರಾರ್ಥನೆಯೇ ಬಡವರ ಮನೆ ತಪ್ಪಿಸಿ ಹೋಗುವುದಾದರೆ ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ಕೊರಿಂಥದಲ್ಲೂ ಉಳ್ಳವರು ಮೊದಲೇ ತಿಂದು ಇಲ್ಲದವರನ್ನು ನಾಚಿಸುತ್ತಿದ್ದರೆಂದು ಪೌಲ ಎಷ್ಟು ಕಟುವಾಗಿ ಬರೆದಿದ್ದಾನೆ, ಓದಿ ನೋಡಿ.

ಕೊರೊನಾ ಕಾಲದಲ್ಲಿ ದೇವಾಲಯಗಳು ಮುಚ್ಚಿದಾಗ ಮೊಬೈಲೇ ಆಸರೆಯಾಯಿತು. ಹಾಸಿಗೆ ಹಿಡಿದವರಿಗೆ, ದೂರದ ಊರಿನಲ್ಲಿ ಒಂಟಿಯಾಗಿರುವವರಿಗೆ ಅದು ಇಂದಿಗೂ ಬೇಕು. ಆದರೆ ಗಟ್ಟಿಮುಟ್ಟಾದ ನಾವು ಅದನ್ನೇ ಅಭ್ಯಾಸ ಮಾಡಿಕೊಂಡಿರುವುದು ಸರಿಯಲ್ಲ. ವಿಡಿಯೋ ಕರೆಯಲ್ಲಿ ಜಪಸರ ಹೇಳಿದವರಿಗೆ ಗೊತ್ತು, ಎಲ್ಲರೂ ಒಟ್ಟಿಗೆ ಉತ್ತರಿಸಿದರೆ ದನಿಗಳು ಹಿಂದುಮುಂದಾಗಿ ಗೊಂದಲವಾಗುತ್ತದೆ. ಹಾಗಾಗಿ ಒಬ್ಬರನ್ನು ಬಿಟ್ಟು ಉಳಿದವರ ಮೈಕನ್ನು ಮುಚ್ಚಬೇಕಾಗುತ್ತದೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಯೇಸುವಿನ ಯಾತನೆಯನ್ನು ಸ್ಥಳದಿಂದ ಸ್ಥಳಕ್ಕೆ ಧ್ಯಾನಿಸುವ ಶಿಲುಬೆಹಾದಿಗೂ ಈಗ ಧ್ವನಿಮುದ್ರಿಕೆ ಹಾಕುವ ರೂಢಿ ಕೆಲವೆಡೆ ಶುರುವಾಗಿದೆ. ನಮ್ಮ ಬಿಸಿಲಿನಲ್ಲಿ ಸಂಜೆ ಇಳಿದ ಮೇಲೆ ದಣಿದು ಬಂದವರು ಹದಿನಾಲ್ಕು ಸ್ಥಳಗಳಲ್ಲೂ ಮಂಡಿಯೂರಿ ಏಳುತ್ತಾರೆ. ಮೊಣಕಾಲು ಅವರದು, ಮಾತು ಮಾತ್ರ ಪೆಟ್ಟಿಗೆಯದು. ಆ ಪ್ರಭು ಹೊತ್ತ ಶಿಲುಬೆಗೆ ನಮ್ಮ ಒಂದು ಒಣಗಿದ ದನಿಯನ್ನೂ ಕೊಡಲಾರೆವೇ?

ಪೂಜೆಯ ನಡುವೆ ಜನರ ಬೇಡಿಕೆಗಳನ್ನು ಸಲ್ಲಿಸುವ ವಿಶ್ವಾಸಿಗಳ ಪ್ರಾರ್ಥನೆಯ ಬಗ್ಗೆ ಒಂದು ಮಾತು. ಶತಮಾನಗಳಿಂದ ಬಿಟ್ಟುಹೋಗಿದ್ದ ಈ ಪ್ರಾರ್ಥನೆಯನ್ನು ಮರಳಿ ತಂದದ್ದು ಅದೇ ವ್ಯಾಟಿಕನ್ ಮಹಾಸಭೆ. ಧರ್ಮಸಭೆಗಾಗಿ, ನಾಡನ್ನಾಳುವವರಿಗಾಗಿ ಮತ್ತು ಲೋಕದ ರಕ್ಷಣೆಗಾಗಿ, ಕಷ್ಟದಲ್ಲಿರುವವರಿಗಾಗಿ, ಕೊನೆಗೆ ಸ್ಥಳೀಯ ಸಮುದಾಯಕ್ಕಾಗಿ ಎಂಬುದು ಅದರ ಕ್ರಮ. ನಮ್ಮಲ್ಲಿ ಅಚ್ಚಾದ ಪುಸ್ತಕದ ನಾಲ್ಕು ವಾಕ್ಯಗಳನ್ನು ಓದಿ ಮುಗಿಸುತ್ತಾರೆ. ತೊಗರಿಗೆ ನೆಟೆರೋಗ ಬಿದ್ದು ಹೊಲ ಒಣಗಿ ನಿಂತ ವರ್ಷವೂ ಅದೇ ವಾಕ್ಯಗಳು. ಭೀಮೆಗೆ ಪ್ರವಾಹ ಬಂದ ವರ್ಷವೂ ಅದೇ. ಮುಂಬೈಗೆ, ಪುಣೆಗೆ, ಹೈದರಾಬಾದಿಗೆ ಗುಳೆ ಹೋದ ಕುಟುಂಬಗಳ ಮಕ್ಕಳು ಅಜ್ಜಿಯ ಕೈ ಹಿಡಿದು ಪೂಜೆಗೆ ಬಂದಿರುತ್ತಾರೆ, ಅವರ ಅಪ್ಪ ಅಮ್ಮನಿಗಾಗಿ ಒಂದು ಬೇಡಿಕೆಯೂ ಇರುವುದಿಲ್ಲ. ಶನಿವಾರ ಒಂದು ಹೊತ್ತು ಕೂತು ನಮ್ಮದೇ ಮಾತಿನಲ್ಲಿ ಬರೆದುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ತನ್ನ ಹೊಲದ ಹೆಸರೆತ್ತಿ ಯಾರಾದರೂ ಬೇಡಿದರೆ ಆ ರೈತ 'ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ' ಎಂದು ಬಾಯಿಬಿಟ್ಟು ಕೂಗದಿರಲಾರ.

ಕಲಬುರಗಿ 2005ರಲ್ಲಿ ತನ್ನದೇ ಧರ್ಮಾಧ್ಯಕ್ಷರಿರುವ ಪ್ರತ್ಯೇಕ ಧರ್ಮಪ್ರಾಂತ್ಯವಾದಾಗ ಯಾದಗಿರಿ ಇನ್ನೂ ಕಲಬುರಗಿ ಜಿಲ್ಲೆಯೊಳಗೇ ಇತ್ತು. ಕರಾವಳಿಯ ಧರ್ಮಕೇಂದ್ರಗಳಿಗೆ ಶತಮಾನಗಳ ರೂಢಿಯಿದೆ, ನಮ್ಮ ಧರ್ಮಪ್ರಾಂತ್ಯ ಇನ್ನೂ ಎಳೆಯದು. ರೂಢಿಗಳು ಗಟ್ಟಿಯಾಗುವ ಈ ಹೊತ್ತಿನಲ್ಲೇ ಸರಿಪಡಿಸಿಕೊಂಡರೆ ಸುಲಭ ಎನ್ನುವುದು ನನ್ನ ನಂಬಿಕೆ.

ಗುರುಗಳಲ್ಲಿ ನನ್ನ ವಿನಂತಿ: ಪೂಜೆಗೆ ಐದು ನಿಮಿಷ ಮೊದಲು ಗಾನವೃಂದದವರು ಸಭೆಯ ಕಡೆಗೆ ತಿರುಗಿ ಅಂದಿನ ಪಲ್ಲವಿಯನ್ನು ಜನರಿಗೆ ಹೇಳಿಕೊಡಲಿ. ಉತ್ತರಗಳ ಹೊತ್ತಿಗೆ ಅವರ ಮೈಕು ಬಂದ್ ಆಗಿರಲಿ. ಮೊದಲ ವಾರಗಳಲ್ಲಿ ಸದ್ದು ಸಣ್ಣದಾಗಿಯೇ ಇರುತ್ತದೆ, ದಯವಿಟ್ಟು ತಾಳಿಕೊಳ್ಳಿ, ಮತ್ತೆ ಮೈಕು ಹಚ್ಚಬೇಡಿ. ವಾರ್ಡುಗಳ ಅಕ್ಕಂದಿರಲ್ಲಿ, ಅಣ್ಣಂದಿರಲ್ಲಿ: ಈ ಅಕ್ಟೋಬರಿನಲ್ಲಿ ಜಪಸರದ ಮನೆಗಳ ಪಟ್ಟಿಯನ್ನು ಒಂದೇ ಕೋಣೆಯ ಮನೆಗಳಿಂದ ಶುರು ಮಾಡೋಣ. ಮೊದಲ ಮನೆಯಲ್ಲಿ ಕುಡಿಯಲು ನೀರು ಮಾತ್ರ ಕೊಡಲಿ, ಕೊನೆಯ ಮನೆಯವರೆಗೂ ಅದೇ ನಡೆಯಲಿ. ನಮ್ಮ ವಾರ್ಡಿನ ಪಟ್ಟಿ ಬರೆಯುವ ಕೆಲಸಕ್ಕೆ ನಾನು ಸಿದ್ಧ. ಹೆಸರು ಕೊಡುವವರು ಭಾನುವಾರ ಪೂಜೆ ಮುಗಿದ ಮೇಲೆ ಬಾಗಿಲ ಬಳಿ ಸಿಗಿ.