ಜಗಳವೂ ಪ್ರಾರ್ಥನೆಯೇ

ವಿಶ್ವಾಸ ಗಟ್ಟಿಯಿದ್ದರೆ ಚಿಂತೆ ಹತ್ತಿರ ಸುಳಿಯುವುದಿಲ್ಲ ಎಂದು ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ಚಿಂತೆ ಬಿಟ್ಟು ಪ್ರಾರ್ಥಿಸಿ ಎಂದು ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಪತ್ರ ಬರೆದಾಗ, ಯೇಸುವಿನ ಸಂದೇಶ ಸಾರುತ್ತಿದ್ದ ಸಂತ ಪೌಲರು ಸೆರೆಯಲ್ಲಿದ್ದರು. ಬೇಡಿ ಕಳಚಿತು ಅಂತ ಆ ಪತ್ರದಲ್ಲಿ ಎಲ್ಲೂ ಇಲ್ಲ.

ಬೈಬಲಿನ ಪ್ರಾರ್ಥನಾ ಗೀತೆಗಳಾದ ಕೀರ್ತನೆಗಳನ್ನೇ ನೋಡಿ. ದೇವರೇ ನನ್ನ ಕುರಿಗಾಹಿ ಎಂದು ನೆಮ್ಮದಿ ಕೊಡುವ 23ನೆಯದು ಎಷ್ಟೋ ಮನೆಗಳ ಗೋಡೆ ಮೇಲಿದೆ. 13ನೆಯದಕ್ಕೆ ಫ್ರೇಮ್ ಹಾಕಿಸಿದವರನ್ನು ನಾನಂತೂ ಕಂಡಿಲ್ಲ. ಅದು ಶುರುವಾಗುವುದೇ ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀಯಾ ಎಂದು ದೇವರ ಜೊತೆ ಜಗಳದಿಂದ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ. ಧರ್ಮಸಭೆ, ಅಂದರೆ ಚರ್ಚ್, ಇವನ್ನೂ ಶತಮಾನಗಳಿಂದ ಪ್ರಾರ್ಥನೆಯಾಗಿಯೇ ಹೇಳಿಕೊಂಡು ಬಂದಿದೆ, ಅಲ್ವಾ? ಹಾಗಿರುವಾಗ ಕಾಯಿಲೆ ವಾಸಿಯಾಗದವರಿಗೆ, ಸಾಲ ತೀರದವರಿಗೆ ‘ನಿಮ್ಮ ವಿಶ್ವಾಸ ಸಾಲದು’ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಅವರಿಗೆ ಮೊದಲೇ ನೋವು ಜಾಸ್ತಿ ಇರುತ್ತದೆ.

ನಮ್ಮಮ್ಮ ರಾತ್ರಿ ಜಪಸರ ಹಿಡಿದು ಕೂತಾಗ ಕುಕ್ಕರ್ ಕೂಗಿದರೆ, ಮಣಿ ಮೇಲಿನ ಬೆರಳು ತೆಗೆಯದೆ ಎದ್ದು ಹೋಗಿ ಗ್ಯಾಸ್ ಆರಿಸಿ ಬರುತ್ತಾರೆ. ಅಪ್ಪನ ಶುಗರ್, ತಂಗಿಯ ಕಾಲೇಜು ಫೀಸು, ಎಲ್ಲವೂ ಆ ಪ್ರಾರ್ಥನೆಯಲ್ಲಿ ಬರುತ್ತದೆ. ಮುಗಿದ ತಕ್ಷಣ ಅಪ್ಪನಿಗೆ ಮಾತ್ರೆ ಕೊಡುತ್ತಾರೆ, ಸಂಜೆ ಕದ್ದು ತಿಂದ ಜಿಲೇಬಿಗೆ ಒಂದಿಷ್ಟು ಬೈಗುಳವನ್ನೂ ಸೇರಿಸಿ.