ಸತ್ಯಾಂಶ: ಬ್ರಾಡ್‌ಕಾಸ್ಟ್‌ಗೆ ಸೇರಿಸಿದವರಿಗೆಲ್ಲ ಮೆಸೇಜ್ ಮುಟ್ಟುತ್ತದೆಯೇ?

"ಸಾವಿರ ನಂಬರ್ ಕೊಂಡುಕೊಳ್ಳಿ, ವಾಟ್ಸಾಪ್ ಬ್ರಾಡ್‌ಕಾಸ್ಟ್‌ಗೆ ಹಾಕಿ, ಅಂಗಡಿ ತುಂಬ ಗಿರಾಕಿ" ಎಂಬ ಫಾರ್ವರ್ಡ್ ವ್ಯಾಪಾರಿಗಳ ಗ್ರೂಪುಗಳಲ್ಲಿ ಸುತ್ತುತ್ತಲೇ ಇದೆ. ಇದು ಸುಳ್ಳು.

ಬ್ರಾಡ್‌ಕಾಸ್ಟ್ ಎಂದರೆ ಒಂದೇ ಮೆಸೇಜನ್ನು ಲಿಸ್ಟಿನಲ್ಲಿರುವವರಿಗೆಲ್ಲ ಒಮ್ಮೆಗೇ, ಬಿಡಿ ಚಾಟ್‌ಗಳಾಗಿ ಕಳಿಸುವ ಸೌಲಭ್ಯ. ಒಂದು ಲಿಸ್ಟ್‌ಗೆ ಹಿಡಿಯುವುದೇ 256 ಜನ. ಅದರಲ್ಲೂ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಮುಟ್ಟುತ್ತದೆ. ನೀವು ಅವರದನ್ನು ಸೇವ್ ಮಾಡಿದರೆ ಸಾಲದು. ಅನುಮಾನವಿದ್ದರೆ ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು ಇನ್ಫೋ ನೋಡಿ, ಯಾರಿಗೆ ತಲುಪಿದೆ ಎಂಬುದು ಹೆಸರು ಸಮೇತ ಕಾಣುತ್ತದೆ. ಕೊಂಡ ನಂಬರ್‌ಗಳಾದರೆ ಅಲ್ಲಿ ಬಹುತೇಕ ಖಾಲಿ. ಒಬ್ಬೊಬ್ಬರಿಗೇ ಬಿಡಿಯಾಗಿ ಕಳಿಸಹೊರಟರೆ ಇನ್ನೂ ಕೆಟ್ಟದು: ಗುರುತಿಲ್ಲದವರು ಬ್ಲಾಕ್, ರಿಪೋರ್ಟ್ ಮಾಡುತ್ತ ಹೋದರೆ ಖಾತೆಯೇ ಬಂದ್ ಆಗಬಹುದು.

ಹಾಗಾದರೆ ಏನು ಮಾಡಬೇಕು? ನಿಮ್ಮದು ಬಟ್ಟೆ ಅಂಗಡಿ ಎಂದಿಟ್ಟುಕೊಳ್ಳಿ. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನ ಕ್ಯೂಆರ್ ಕೋಡನ್ನು ಪ್ರಿಂಟ್ ಹಾಕಿಸಿ ಗಲ್ಲಾದ ಹತ್ತಿರ ಅಂಟಿಸಿ (ಯುಪಿಐ ಕೋಡಿನಿಂದ ತುಸು ದೂರ, ಇಲ್ಲದಿದ್ದರೆ ಜನ ವಾಟ್ಸಾಪ್ ಕೋಡಿಗೇ ದುಡ್ಡು ಹಾಕಲು ನೋಡುತ್ತಾರೆ). ಸ್ಕ್ಯಾನ್ ಮಾಡಿದರೆ ನಿಮ್ಮ ಅಂಗಡಿಯ ಚಾಟ್ ತೆರೆಯುತ್ತದೆ. ಹಾಗೆ ಬಂದವರಿಗೆ "ನಂಬರ್ ಸೇವ್ ಮಾಡ್ಕೊಳ್ಳಿ, ಹೊಸ ಸ್ಟಾಕ್ ಬಂದಾಗ ತಿಳಿಸ್ತೀವಿ" ಎನ್ನಿ. ಚಾಟಿಗೆ ಲೇಬಲ್ ಹಾಕಿ: ರೇಷ್ಮೆ, ಕಾಟನ್, ಮಕ್ಕಳ ಬಟ್ಟೆ. ಕಾಟನ್ ಕೇಳಿದ 40 ಜನಕ್ಕೆ ಕಾಟನ್ ಸೀರೆಯ ಫೋಟೋ ಮಾತ್ರ ಹೋಗಲಿ, ಬೆಲೆ ಸಮೇತ.