ಇಲ್ಲದ ಪೆಟ್ಟಿಗೆಗಳ ಜಗಳ

1993ರಲ್ಲಿ ಅಲ್ಲಾದಿನ್ ಹೆಸರಿನಲ್ಲಿ ಎರಡು ವಿಡಿಯೋ ಗೇಮ್ ಬಂದವು. ಸಿನಿಮಾ ಒಂದೇ, ಡಿಸ್ನಿಯದು. ಆಗ ಟಿವಿಗೆ ಜೋಡಿಸಿ ಆಡುವ ಗೇಮ್ ಪೆಟ್ಟಿಗೆಗಳಲ್ಲಿ ಸೆಗಾ, ನಿಂಟೆಂಡೋ ಅನ್ನೋ ಎರಡು ಕಂಪನಿಗಳಿಗೆ ಪೈಪೋಟಿ. ಸೆಗಾದ ಮೆಗಾ ಡ್ರೈವ್‌ಗೆ ಬಂದದ್ದರಲ್ಲಿ ಹುಡುಗನ ಕೈಯಲ್ಲಿ ಕತ್ತಿ ಇದೆ. ಸೂಪರ್ ನಿಂಟೆಂಡೋಗೆ ಬಂದದ್ದರಲ್ಲಿ ಕತ್ತಿ ಇಲ್ಲ. ವೈರಿಯ ತಲೆ ಮೇಲೆ ಜಿಗಿಯಬೇಕು, ಇಲ್ಲಾ ಸೇಬು ಎಸೆಯಬೇಕು. ಮೊದಲನೆಯದು ವರ್ಜಿನ್ ಕಂಪನಿಯದು, ಡಿಸ್ನಿ ಕಲಾವಿದರೇ ಚಿತ್ರ ಬರೆದುಕೊಟ್ಟಿದ್ದರು. ಎರಡನೆಯದು ಜಪಾನಿನ ಕ್ಯಾಪ್ಕಾಮ್‌ದು. ಯಾವುದು ಚೆಂದ ಅನ್ನೋ ಜಗಳಕ್ಕೆ ಮೂವತ್ತು ವರ್ಷ ದಾಟಿದೆ. ಕಲಬುರಗಿಯಲ್ಲಿ ನಮ್ಮ ಮಾಮಾನ ಮನೆಯಲ್ಲಂತೂ ಅದು ಮುಗಿಯೋ ಲಕ್ಷಣ ಇಲ್ಲ.

ಮಾಮಾನ ಮಗ ಸೆಗಾ ಪಾರ್ಟಿ, ನಾನು ನಿಂಟೆಂಡೋ. ಮೊನ್ನೆ ಅವನು ಒಂದು ಬ್ರಹ್ಮಾಸ್ತ್ರ ತಂದ. ಕ್ಯಾಪ್ಕಾಮ್ ಅಲ್ಲಾದಿನ್ ರೂಪಿಸಿದ್ದು ಶಿಂಜಿ ಮಿಕಾಮಿ, ಮುಂದೆ ರೆಸಿಡೆಂಟ್ ಈವಿಲ್ ಅನ್ನೋ ಭಯದ ಆಟ ಮಾಡಿ ಹೆಸರಾದವರು. ಅವರೇ ಎಷ್ಟೋ ವರ್ಷದ ಮೇಲೆ ಒಂದು ಸಂದರ್ಶನದಲ್ಲಿ, ನಾನು ಮಾಡದೇ ಇದ್ದಿದ್ದರೆ ಬಹುಶಃ ಸೆಗಾದ್ದನ್ನೇ ಕೊಳ್ಳುತ್ತಿದ್ದೆ, ಅದರ ಅನಿಮೇಷನ್ ಚೆನ್ನಾಗಿದೆ ಅನ್ನೋ ಅರ್ಥದ ಮಾತು ಹೇಳಿದ್ದಾರೆ.

"ಈಗೇನಂತಿ? ಮಾಡಿದಾಂವನ ಒಪ್ಪಿಕೊಂಡಾನ" ಅಂದ.

"ಕೊಳ್ತೀನಿ ಅಂದಾರ, ಆಡ್ತೀನಿ ಅಂದಿಲ್ಲಲೇ" ಅಂದೆ.

ಅವನು ಫೋನು ತೆಗೆದು ಮತ್ತೊಮ್ಮೆ ಓದಿದ. ಇಂಥ ವಾದದಲ್ಲಿ ದಾಖಲೆ ಸಿಕ್ಕರೂ ಏನೂ ಉಪಯೋಗ ಇಲ್ಲ. ನಿಜ ಹೇಳಬೇಕಂದ್ರೆ ಯಾರಿಗೂ ತೀರ್ಪು ಬೇಕಾಗಿಲ್ಲ.

ತಮಾಷೆ ಅಂದ್ರೆ, ಚಿಕ್ಕವರಿದ್ದಾಗ ನಮ್ಮಿಬ್ಬರ ಮನೆಯಲ್ಲೂ ಈ ಎರಡು ಪೆಟ್ಟಿಗೆಗಳಲ್ಲಿ ಒಂದೂ ಇರಲಿಲ್ಲ. ಇದ್ದದ್ದು ಟಿವಿ ಗೇಮ್. ನಿಂಟೆಂಡೋದ ಹಳೇ 8 ಬಿಟ್ ಯಂತ್ರದ ನಕಲು. ಅದರ ಕ್ಯಾಸೆಟ್ ಮೇಲೆ 9999999 ಗೇಮ್ ಅಂತ ಬರೆದಿರುತ್ತಿತ್ತು, ಒಳಗೆ ಅವೇ ನಾಲ್ಕಾರು ಆಟ ಸುತ್ತಿ ಸುತ್ತಿ ಬರುತ್ತಿದ್ದವು. ಕಾಂಟ್ರಾ, ಮಾರಿಯೋ, ಬಾತುಕೋಳಿಗೆ ಗುಂಡು ಹೊಡೆಯೋದು. ಆ ನಕಲಿ ಲೋಕಕ್ಕೆ ಕಂಪನಿಗಳ ವೈರ ಗೊತ್ತೇ ಇರಲಿಲ್ಲ. ಸೆಗಾದ ಸೋನಿಕ್ ಆಟದೊಳಗೆ ನಿಂಟೆಂಡೋದ ಮಾರಿಯೋನನ್ನು ಓಡಿಸಿ ಸೊಮಾರಿ ಅಂತ ಹೆಸರಿಟ್ಟು ಮಾರಿದ ಪುಣ್ಯಾತ್ಮರೂ ಇದ್ದರು. ಹೆಸರು ಹಾಗಿದ್ದರೂ ಓಟ ಜೋರು. ಸೆಗಾ, ನಿಂಟೆಂಡೋಗಳ ಈ 16 ಬಿಟ್ ಪೆಟ್ಟಿಗೆಗಳ ಆಟ ನಾವು ಆಡಿದ್ದು ದೊಡ್ಡವರಾದ ಮೇಲೆ, ಕಂಪ್ಯೂಟರಿನಲ್ಲಿ ಎಮ್ಯುಲೇಟರ್, ಅಂದರೆ ಹಳೇ ಪೆಟ್ಟಿಗೆಯ ಹಾಗೆ ನಟಿಸೋ ಸಾಫ್ಟ್‌ವೇರ್ ಹಾಕಿಕೊಂಡು. ಅಷ್ಟೊತ್ತಿಗೆ ಯುದ್ಧ ಮುಗಿದು ಎಷ್ಟೋ ವರ್ಷ ಆಗಿತ್ತು. ನಾವು ಹೋಗಿ ಪಾರ್ಟಿ ಸೇರಿದೆವು.

ನಮ್ಮೂರಿನ ಮೇ ತಿಂಗಳ ಮಧ್ಯಾಹ್ನ ಗೊತ್ತಲ್ವಾ? 42 ಡಿಗ್ರಿ ದಾಟಿದ ಮೇಲೆ ಸೂಪರ್ ಮಾರ್ಕೆಟ್ ಕಡೆಗೂ ಹೆಜ್ಜೆ ಏಳೋದಿಲ್ಲ. ಕೂಲರ್ ಮುಂದೆ ಎರಡು ಲ್ಯಾಪ್‌ಟಾಪ್ ಅಕ್ಕಪಕ್ಕ ಇಟ್ಟು ಕೂರುವುದಕ್ಕೆ ಇದಕ್ಕಿಂತ ಒಳ್ಳೇ ಕಾಲ ಇಲ್ಲ. ಸುಸಲಾ, ಮಿರ್ಚಿ ತಂದಿಡುವ ಅತ್ತಿ ಒಮ್ಮೆ ಬಗ್ಗಿ ನೋಡಿ, "ಎರಡೂ ಒಂದೇ ಕಾಣ್ತಾವಲ್ಲಪಾ" ಅಂದಳು. ಆ ಹೊತ್ತಿನಲ್ಲಿ ನಾವಿಬ್ಬರೂ ಒಂದೇ ಪಾರ್ಟಿ.

ಒಂದೇ ಹೇಗಾಗುತ್ತವೆ? ಮೆಗಾ ಡ್ರೈವ್‌ನ ಪ್ರೊಸೆಸರ್ ಸುಮಾರು 7.6 ಮೆಗಾಹರ್ಟ್ಜ್, ಸೂಪರ್ ನಿಂಟೆಂಡೋದ್ದು ಜಾಸ್ತಿ ಅಂದರೆ 3.58. ಈ ಅಂಕಿ ಒಂದರಿಂದಲೇ ಅಳೆಯೋದು ನ್ಯಾಯ ಅಲ್ಲ, ಎರಡೂ ಬೇರೆ ಜಾತಿಯ ಚಿಪ್ಪು. ಆದರೆ ಜಗಳದಲ್ಲಿ ನ್ಯಾಯ ಯಾರು ಕೇಳ್ತಾರೆ? ನಾನು ಬಣ್ಣ ಎತ್ತುತ್ತೇನೆ. ಸೆಗಾದ ಹತ್ತಿರ ಒಟ್ಟು 512 ಬಣ್ಣ, ಒಮ್ಮೆಗೆ ಪರದೆ ಮೇಲೆ ಅರವತ್ತರ ಆಸುಪಾಸು. ನಿಂಟೆಂಡೋದ ಹತ್ತಿರ 32,768, ಅದರಲ್ಲಿ 256 ಒಟ್ಟಿಗೆ ತೋರಿಸಬಹುದು. ದನಿಯಲ್ಲೂ ಹಾಗೇ. ಸೆಗಾದ್ದು ಯಮಾಹಾ ಚಿಪ್ಪು, ದನಿಯನ್ನು ತಾನೇ ಹುಟ್ಟಿಸುತ್ತದೆ. ಖಣಖಣ ಅನ್ನುತ್ತದೆ, ಸ್ವಲ್ಪ ಒರಟು. ನಿಂಟೆಂಡೋದ್ದು ಸೋನಿಯ ಕೆನ್ ಕುಟರಾಗಿ ಮಾಡಿದ ಚಿಪ್ಪು, ಮುಂದೆ ಪ್ಲೇಸ್ಟೇಷನ್ ಮಾಡಿದವರು ಅವರೇ. ಅದು ನಿಜವಾದ ವಾದ್ಯದ ತುಣುಕುಗಳನ್ನು ನುಡಿಸುತ್ತದೆ. ಆ ತುಣುಕುಗಳಿಗೆಲ್ಲ ಸೇರಿ ಇದ್ದ ಜಾಗ 64 ಕೆಬಿ. ವಾಟ್ಸಾಪ್‌ನಲ್ಲಿ ಬರೋ ಗುಡ್ ಮಾರ್ನಿಂಗ್ ಫೋಟೋಕ್ಕೂ ಸಾಲದು. ಅದಕ್ಕೇ ಅದರ ಸಂಗೀತ ಒಂದಿಷ್ಟು ಮಬ್ಬು, ಪಕ್ಕದ ಕೋಣೆಯಿಂದ ಬಂದಂತೆ. ನನಗೆ ಆ ಮಬ್ಬೇ ಇಷ್ಟ.

ಯಂತ್ರ ಸಾಲದೆ ಬಿಟ್ಟದ್ದು ಒಂದು, ಬೇಕಂತಲೇ ಬಿಟ್ಟದ್ದು ಇನ್ನೊಂದು. ಮಾರ್ಟಲ್ ಕಾಂಬ್ಯಾಟ್ ಅನ್ನೋ ಹೊಡೆದಾಟದ ಆಟ 1993ರ ಸೆಪ್ಟೆಂಬರ್‌ನಲ್ಲಿ ಎರಡೂ ಪೆಟ್ಟಿಗೆಗೆ ಒಟ್ಟಿಗೇ ಬಂತು. ಚಿತ್ರ, ದನಿ ಎರಡರಲ್ಲೂ ನಿಂಟೆಂಡೋದ್ದು ಆರ್ಕೇಡಿಗೆ, ಅಂದರೆ ನಾಣ್ಯ ಹಾಕಿ ಆಡುವ ಯಂತ್ರದ ಮೂಲ ಆಟಕ್ಕೆ ಹತ್ತಿರ. ಆದರೆ ನಿಂಟೆಂಡೋದವರು ರಕ್ತ ಬೇಡ ಅಂದರು. ಹೊಡೆದರೆ ಬೂದು ಬಣ್ಣದ ಬೆವರು ಹಾರುತ್ತದೆ! ಸೆಗಾದಲ್ಲೂ ಮೊದಲಿಗೆ ರಕ್ತ ಕಾಣುವುದಿಲ್ಲ. ಎ ಬಿ ಎ ಸಿ ಎ ಬಿ ಬಿ ಅಂತ ಗುಂಡಿ ಒತ್ತಿದರೆ ಶುರು. ಸೆಗಾದ್ದೇ ಜಾಸ್ತಿ ಮಾರಿತು. ಮರುವರ್ಷ ಎರಡನೇ ಭಾಗ ಬಂದಾಗ ನಿಂಟೆಂಡೋದಲ್ಲೂ ಬೆವರು ಹೋಗಿ ರಕ್ತ ಬಂತು. ಈ ವಿಷಯ ಬಂದಾಗ ನಾನು ಸುಮ್ನೆ ಮಿರ್ಚಿ ತಿನ್ನುತ್ತೇನೆ.

ಸ್ಟ್ರೀಟ್ ಫೈಟರ್ ಬಂದಾಗ ಬಾಯಿ ತೆರೆಯುತ್ತೇನೆ. ಆರು ಗುಂಡಿಯ ಹೊಡೆದಾಟದ ಆಟ ಅದು, ಸೆಗಾದ ಹಳೇ ಕಂಟ್ರೋಲರ್‌ನಲ್ಲಿ ಇದ್ದದ್ದು ಮೂರು. ಗುದ್ದಿನಿಂದ ಒದೆಗೆ ಬದಲಾಗಬೇಕಾದರೆ ಪ್ರತಿ ಸಲ ಸ್ಟಾರ್ಟ್ ಗುಂಡಿ ಒತ್ತಬೇಕು. ಆರು ಗುಂಡಿಯದನ್ನು ಬೇರೆ ದುಡ್ಡು ಕೊಟ್ಟು ತರಬೇಕಿತ್ತು. ಹೇಳು ಮಗನೇ, ಈಗ ಹೇಳು.

ಇಷ್ಟಕ್ಕೂ ನಮ್ಮ ಲ್ಯಾಪ್‌ಟಾಪ್ ತಕ್ಕಡಿಯೇ ಸರಿ ಇಲ್ಲ ಅಂತ ತಿಳಿದದ್ದು ಸೋನಿಕ್‌ನಿಂದ. 1991ರ ಮೊದಲ ಸೋನಿಕ್, ಮೊದಲ ಹಂತ. ಅಲ್ಲಿ ಜಲಪಾತ ಇದೆ. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಅದು ನೀರಲ್ಲ, ಉದ್ದುದ್ದ ಗೆರೆಗಳು. ಒಂದು ನೀಲಿ ಗೆರೆ, ಪಕ್ಕದಲ್ಲಿ ಖಾಲಿ, ಮತ್ತೆ ನೀಲಿ. ಬಾಗಿಲಿಗೆ ಹಾಕೋ ಚಿಕ್ಕಿನ ಹಾಗೆ. ಹಿಂದಿನ ಬಂಡೆ ಸಂದಿಯಿಂದ ಕಾಣುತ್ತದೆ. "ಇದೇನಾ ನಿನ್ನ ಸೆಗಾ?" ಅಂತ ನಾನು ನಗುತ್ತಲೇ ಇದ್ದೆ. ಸೂಪರ್ ನಿಂಟೆಂಡೋದಲ್ಲಿ ಒಂದು ಚಿತ್ರದ ಹಿಂದೆ ಇನ್ನೊಂದು ಮಸುಕಾಗಿ ಕಾಣಿಸೋ ವ್ಯವಸ್ಥೆ ಚಿಪ್ಪಿನಲ್ಲೇ ಇದೆ. ಮೆಗಾ ಡ್ರೈವ್‌ನಲ್ಲಿ ಹಾಗೆ ಇಲ್ಲ.

ಅವನು ಆನ್‌ಲೈನ್‌ನಲ್ಲಿ ಚೀನಾದ ಒಂದು ನಕಲಿ ಸೆಗಾ ಪೆಟ್ಟಿಗೆ ತರಿಸಿದ. ಅಟ್ಟದ ಮೇಲಿದ್ದ ಗುಬುಟು ಟಿವಿ, ಹಳೇ ಪಿಕ್ಚರ್ ಟ್ಯೂಬಿನದು, ಇಳಿಸಿದೆವು. ಅದೆಂಥ ಭಾರ! ಹಳದಿ ವೈರು ಚುಚ್ಚಿ, ಧೂಳು ಒರೆಸಿ, ಆಟ ಹಾಕಿದರೆ ಜಲಪಾತದಲ್ಲಿ ಗೆರೆ ಇಲ್ಲ. ನೀರು, ಆಚೆ ಕಾಣುವಂಥ ನೀರು. ಹಳದಿ ವೈರಿನಲ್ಲಿ ಬೆಳಕು, ಬಣ್ಣ ಎರಡೂ ಒಂದೇ ಎಳೆಯಲ್ಲಿ ಬರುತ್ತವೆ. ಅಷ್ಟು ಸಣ್ಣ ಗೆರೆಗಳನ್ನು ಟಿವಿಗೆ ಬಿಡಿಸಿಕೊಳ್ಳಲು ಆಗುವುದಿಲ್ಲ, ಪಕ್ಕದ್ದಕ್ಕೆ ಪಕ್ಕದ್ದು ಹರಡಿಕೊಂಡುಬಿಡುತ್ತದೆ. ಚಿಪ್ಪಿನಲ್ಲಿ ಇಲ್ಲದ್ದನ್ನು ಟಿವಿಯ ದೋಷದಿಂದ ಹುಟ್ಟಿಸಿದ್ದಾರೆ. ಪರದೆಗೆ ಮೂಗು ಹಚ್ಚಿ ನೋಡಿದೆ. ಕತ್ತು ಆಚೀಚೆ ಮಾಡಿ ನೋಡಿದೆ. ನೀರೇ. ಅದೇ ಮೊದಲ ಸಲ ನನಗೆ ಸೆಗಾದವರ ಮೇಲೆ ಪ್ರೀತಿ ಬಂತು. ಬಣ್ಣ ಇದ್ದವರು ಬಣ್ಣ ಹಚ್ಚುವುದರಲ್ಲಿ ದೊಡ್ಡಸ್ತಿಕೆ ಏನಿದೆ?

ಇದನ್ನು ಬಾಯಿಬಿಟ್ಟು ಹೇಳಲಿಲ್ಲ ಅನ್ನಿ. "ಟಿವಿ ಕೆಟ್ಟದಿದ್ರ ನಿನ್ನ ಆಟ ಚೆಂದ, ಹಂಗಾದ್ರ" ಅಂದೆ ಅಷ್ಟೇ.

ಈಗ ಅವನ ಹಟ, ಇಲ್ಲಿಯವರೆಗೆ ಹೋಲಿಸಿದ್ದೆಲ್ಲ ರದ್ದು, ಎಲ್ಲವನ್ನೂ ಗುಬುಟು ಟಿವಿಯಲ್ಲಿ ಮತ್ತೆ ನೋಡಬೇಕು ಅಂತ. ಅದಕ್ಕೆ ನಿಂಟೆಂಡೋದ ನಕಲಿ ಪೆಟ್ಟಿಗೆಯೂ ಬೇಕು, ಅದರ ದುಡ್ಡು ನನ್ನದು. ಅತ್ತಿ ಮಾತ್ರ ಗಡುವು ಕೊಟ್ಟಿದ್ದಾಳೆ. ಮುಂದಿನ ವಾರ ಬೀದರಿನಿಂದ ಬೀಗರು ಬರ್ತಾರೆ, ಅಷ್ಟರೊಳಗೆ ಆ ಡಬ್ಬಾ ಪಡಸಾಲೆಯಿಂದ ಹೋಗಬೇಕಂತೆ. ಪಾರ್ಸೆಲ್ ಗುರುವಾರ ಬರುತ್ತೆ ಅಂತ ತೋರಿಸ್ತಿದೆ.